ಹದಿನಾಲ್ಕು ಸೆಕೆಂಡಿನ ನೀಲಿ

ತಪ್ಪು ನನ್ನದೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸೊರೊಕಾ ಊರಿನ ಶಾಲೆ, ಎರಡನೇ ಮಹಡಿ,
ರಸಾಯನಶಾಸ್ತ್ರದ ಕೋಣೆ. ಕಿಟಕಿಯಾಚೆ ನಿಸ್ತ್ರು ನದಿ,
ನದಿಯಾಚೆ ಬೇರೆ ದೇಶ.
ಒಳಗೆ ಹತ್ತೊಂಬತ್ತು ಮಕ್ಕಳು.
ಮಕ್ಕಳೆನ್ನಬಾರದು, ಭಾನುವಾರ
ಮೊದಲ ಸಲ ಓಟು ಹಾಕುವವರು.

ಚುನಾವಣೆಯ ಬಗ್ಗೆ ಎರಡು ಮಾತಾಡಿ ಎಂದಿದ್ದರು ಹೆಡ್ಮಾಸ್ಟರು.
ನನಗೆ ಭಾಷಣ ಬಾರದು, ಸೀಸೆ ಬರುತ್ತದೆ.
ಬಿಳಿ ಹಾಳೆಯ ಮೇಲೆ ಒಂದು ನೀಲಿ ಗೆರೆ ಎಳೆದು
ಊದಿ, ಅಂದೆ. ರುಕ್ಸಾಂಡಾ ಊದಿದಳು.
ಗೆರೆ ಮಸುಕಾಯಿತು, ಇಲ್ಲವಾಯಿತು.
ವರ್ಷವಿಡೀ ಪಾಠ ಕೇಳದ ಹಿಂದಿನ ಬೆಂಚು
ಎದ್ದು ನಿಂತಿತು.

ಕಣ್ಣಾರೆ ಕಂಡಿರಲ್ಲ, ಅಂದೆ,
ಈ ಶಾಯಿ ಯಾವುದು, ಮಾಡಿದ್ದು ಯಾರು,
ಒಬ್ಬರಾದರೂ ಕೇಳಿದಿರಾ?
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು.
ತಲೆದೂಗಿದರು. ನನಗೂ ಒಳಗೊಳಗೇ
ಬೀಗುವಷ್ಟು ಖುಷಿ.

ಅರ್ಕಾದಿಯೆ ಫೋನು ಹಿಡಿದಿದ್ದ.
ನನ್ನ ಪ್ರಶ್ನೆಯನ್ನು ಕತ್ತರಿಸಿ ಬಿಸಾಕಿ
ಹದಿನಾಲ್ಕು ಸೆಕೆಂಡು ಉಳಿಸಿಕೊಂಡ:
ಗೆರೆ, ಉಸಿರು, ಖಾಲಿ ಹಾಳೆ.
ಕೆಳಗೆ ಬರೆದ: ಮತಗಟ್ಟೆಯ ಮೊಹರಿನ ಶಾಯಿ ಇದು,
ಗಂಟೆಯೊಳಗೆ ಮಾಯ, ನಿಮ್ಮ ಪೆನ್ನು ನೀವೇ ಒಯ್ಯಿರಿ.
ಚಿಕ್ಕಪ್ಪನ ಮಗನಿಗೊಬ್ಬನಿಗೇ ಕಳಿಸಿದ್ದು, ಮೇಡಂ,
ತಮಾಷೆಗೆ.

ನಮ್ಮಲ್ಲಿ ಓಟೆಂದರೆ ಮೊಹರು, ವೃತ್ತದೊಳಗೆ.
ಪೆನ್ನಿನಲ್ಲಿ ಗೀಚಿದ ಮತಪತ್ರ ಕಸಕ್ಕೆ ಸಮ.

ಶುಕ್ರವಾರ ರಾತ್ರಿ ಬೆಲ್ತ್ಸಿಯಿಂದ ಬರುವ ಮಿನಿಬಸ್ಸಿನಲ್ಲಿ
ಪಕ್ಕದ ಹೆಂಗಸು ಮೊಬೈಲು ಚಾಚಿದಳು:
ನೋಡಿ, ಯಾರೋ ಧೈರ್ಯವಂತೆ ಟೀಚರು
ಬಯಲು ಮಾಡಿದ್ದಾಳೆ.
ನೋಡಿದೆ. ಗೆರೆ ಎಳೆಯುವ ಹೆಬ್ಬೆರಳ ಮೇಲೆ
ಆಸಿಡ್ಡು ಸುಟ್ಟ ಹಳೆಯ ಕಲೆ.
ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡೆ,
ಕಳ್ಳಿಯ ಹಾಗೆ. ಆಮೇಲೆ ಹೊರತೆಗೆದು ತೋರಿಸಿದೆ.
ಆಕೆ ಕಲೆ ನೋಡಿದಳು, ನನ್ನ ಮುಖ ನೋಡಿದಳು,
ಎಷ್ಟು ಕೊಟ್ಟರು ನಿಮಗೆ, ಸುಳ್ಳು ಅನ್ನಲು? ಅಂದಳು.

ಶನಿವಾರ ಯಾರೂ ಯಾರನ್ನೂ ಬೈಯಲಿಲ್ಲ, ಹೊತ್ತಿರಲಿಲ್ಲ.
ಬೋರ್ಡಿನ ಮೇಲೆ ಓಣಿಗಳನ್ನು ಹಂಚಿಕೊಂಡರು.
ಸಾವಾನ ಅಮ್ಮ ಅಂಚೆ ಕಚೇರಿಯವಳು,
ಅವಳ ಮೊಹರು ಎರವಲು ಬಂತು.
ಇದು ಅಂಚೆಯ ಶಾಯಿ, ಮತಗಟ್ಟೆಯದಲ್ಲ,
ಅದನ್ನೂ ಹೇಳಬೇಕು, ಎಂದು ಸಾವಾನ ಹಟ.
ಹೇಳಿದರೆ ನಂಬುತ್ತಾರಾ? ಹೇಳದಿದ್ದರೆ
ನಮಗೂ ಆ ಹದಿನಾಲ್ಕು ಸೆಕೆಂಡಿಗೂ ಏನು ಫರಕು?
ಅರ್ಧ ಗಂಟೆ ಇದೇ ಜಗಳ. ಸಾವಾ ಗೆದ್ದ.

ಕೆಸರು. ಮಂಜು. ಎಂಬತ್ತೊಂದು ಬಾಗಿಲು.
ಒಬ್ಬರು ಅಕ್ರೋಟು ಕೊಟ್ಟರು, ಒಬ್ಬರು ನಾಯಿ ಬಿಟ್ಟರು.
ಆಗಾಫಿಯಾ ಅಜ್ಜಿ ಬಾಗಿಲ ಸಂದಿಯಿಂದ:
ಗುರುವಾರ ಮಾಯ ಅಂದಿರಿ, ಇವತ್ತು ಇಲ್ಲ ಅಂತೀರಿ,
ನಾಳೆ ಏನಂತೀರೋ.
ಅರ್ಕಾದಿಯೆಗೆ ಮಾತು ಹೊರಡಲಿಲ್ಲ.
ನಾನೇ ಅಜ್ಜಿ, ಅದನ್ನು ಬರೆದವನು, ಅಂದ ಕೊನೆಗೆ.
ಬಾಗಿಲು ಮುಚ್ಚಿತು.

ಊದಿದರೆ ನನ್ನ ನೀಲಿ ಅಳಿಯುತ್ತದೆ, ಅದು ರಸಾಯನ.
ಗಾಳಿಮಾತು ಊದಿದಷ್ಟೂ ಹೊತ್ತಿಕೊಳ್ಳುತ್ತದೆ,
ಆರಿಸಲು ಊದಿದರೂ.
ಇದು ನನ್ನ ಪುಸ್ತಕದಲ್ಲಿರಲಿಲ್ಲ.

ಭಾನುವಾರದ ಸಾಲಿನಲ್ಲಿ ಅಜ್ಜಿ ಮುಂದೆ, ಅವನು ಹಿಂದೆ.
ತಲೆವಸ್ತ್ರ ಬಿಗಿದುಕೊಂಡು ಆಕೆ ಚೀಲಕ್ಕೆ ಕೈ ಹಾಕಿದಳು,
ಪೆನ್ನು ತೆಗೆದಳು, ತಿರುಗಿದಳು:
ಹಿಡಕೋ. ಹೊರಗೆ ಬಂದಾಗ ಕೊಡು.
ನಂಬಿದಳೋ, ಅವನನ್ನು ಪರೀಕ್ಷಿಸಿದಳೋ,
ಬರೀ ಕೈ ಖಾಲಿ ಇರಲೆಂದಳೋ, ಗೊತ್ತಿಲ್ಲ.
ಗಾಳಿಗೆ ಮೇಣದಬತ್ತಿ ಕಾಯುವವನಂತೆ
ಎರಡೂ ಕೈಯಲ್ಲಿ ಆ ಪೆನ್ನು ಹಿಡಿದು ನಿಂತ.

ಉಳಿದ ಊರುಗಳಲ್ಲಿ
ಎಷ್ಟು ಪೆನ್ನು ಒಳಗೆ ಹೋದವೋ.

ಮಂಗಳವಾರ ಆ ನೀಲಿ ಮತ್ತೆ ಬಂತು.
ಅದೇ ಗೆರೆ, ಅದೇ ಹುಡುಗಿಯ ಉಸಿರು,
ಕೆಳಗೆ ನನಗೆ ಓದಲು ಬಾರದ ಲಿಪಿ,
ಯಾವುದೋ ದೇಶದ ಬಾವುಟ,
ನನ್ನದೇ ಹೆಬ್ಬೆರಳು.